ವಾಚ್‌ನಲ್ಲಿ ಶುಗರ್ ಅಂಕಿ ನಿಂತುಹೋದರೆ ಎಲ್ಲಿಂದ ಹುಡುಕಬೇಕು?

ಬನಹಟ್ಟಿಯಲ್ಲಿ ನಮ್ಮ ಕಾಕಾನ ಪವರ್‌ಲೂಮ್ ಶೆಡ್ ಇದೆ. ಆರು ಮಗ್ಗ ಒಟ್ಟಿಗೆ ಓಡುವಾಗ ಪಕ್ಕದಲ್ಲಿ ನಿಂತವರ ಮಾತೇ ಕೇಳಲ್ಲ, ಇನ್ನು ಜೇಬಿನ ಫೋನ್ ಎಲ್ಲಿ ಕೇಳಬೇಕು? ಕಾಕಾ ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ತೋಳಿಗೆ ಶುಗರ್ ಅಳೆಯುವ ಸೆನ್ಸರ್ ಹಾಕಿಸಿಕೊಂಡ ಮೇಲೆ, ಅಂಕಿ ಮಣಿಕಟ್ಟಿನಲ್ಲೇ ಕಾಣಲಿ, ಶುಗರ್ ಇಳಿದರೆ ವಾಚ್ ಗುರ್ ಅಂತ ನಡುಗಲಿ ಎಂದು ನಾನೇ ಸ್ಮಾರ್ಟ್‌ವಾಚ್ ಹೊಂದಿಸಿಕೊಟ್ಟೆ. ಜಮಖಂಡಿಯಲ್ಲಿ ನನ್ನದು ಮೊಬೈಲ್ ರಿಪೇರಿ ಅಂಗಡಿ.

ಒಂದು ಮಧ್ಯಾಹ್ನ ಕಾಕಿ ಫೋನ್ ಮಾಡಿದರು. "ನಿಮ್ಮ ಕಾಕಾಗ ಬೆವರು ಕಿತ್ತೈತಿ, ಕೈ ನಡಗಾಕತ್ತಾವು. ವಾಚ್ ನೋಡಿದ್ರ ನೂರಾ ಹನ್ನೆರಡು ತೋರಸ್ತೈತಿ. ಏನ್ ಮಾಡ್ಲೋ ತಮ್ಮಾ?"

"ವಾಚ್ ಬಿಡ್ರಿ ಕಾಕಿ, ಮೊದಲ ಬೆರಳ ಚುಚ್ಚಿ ನೋಡ್ರಿ" ಎಂದೆ. ಮೀಟರ್‌ನಲ್ಲಿ 61 ಬಂತು. ಸಕ್ಕರೆ ನೀರು ಕುಡಿಸಿ, ಕಾಕಾ ಸುಧಾರಿಸಿಕೊಂಡ ಮೇಲೆ ವಾಚ್ ಇನ್ನೊಮ್ಮೆ ನೋಡಲು ಹೇಳಿದೆ. 112ರ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಅಂಕಿ ಇತ್ತು: 43 ನಿಮಿಷದ ಹಿಂದೆ. ಫೋನ್ ಶೆಡ್‌ನ ಹಿಂದಿನ ಮನೆಯಲ್ಲಿ ಚಾರ್ಜಿಗೆ ಹಾಕಿತ್ತು. ಫೋನ್ ದೂರವಾದ ಹೊತ್ತಿಗೆ ಬಂದ ಕೊನೆಯ ಅಂಕಿಯನ್ನೇ ವಾಚ್ ಹಿಡಿದುಕೊಂಡು ಕೂತಿತ್ತು.

ಅಂದಿನಿಂದ ಇಂಥ ವಾಚ್ ಹಿಡಿದು ಅಂಗಡಿಗೆ ಬರುವವರಿಗೆಲ್ಲ ಮೊದಲು ಒಂದೇ ಮಾತು ಹೇಳುತ್ತೇನೆ. ಅಂಕಿ ನೋಡುವ ಮುಂಚೆ ಅದು ಎಷ್ಟು ಹೊತ್ತಿನದು ಅಂತ ನೋಡಿ. ಏನೂ ತೋರಿಸದ ವಾಚ್‌ಗಿಂತ ಹಳೇ ಅಂಕಿ ತೋರಿಸುವ ವಾಚ್‌ನಿಂದ ಅಪಾಯ ಜಾಸ್ತಿ. ಖಾಲಿ ಇದ್ದರೆ ಮೀಟರ್ ಹುಡುಕುತ್ತೇವೆ, ಅಂಕಿ ಇದ್ದರೆ ನಂಬಿ ಸುಮ್ನೆ ಕೂರುತ್ತೇವೆ.

ವಾಚ್ ಆಮೇಲೆ, ಮೊದಲು ಮನುಷ್ಯ

ಬೆವರು, ನಡುಕ, ಎದೆ ಡವಡವ, ಇದ್ದಕ್ಕಿದ್ದಂತೆ ಹಸಿವು, ತೊದಲು ಮಾತು, ಕಾರಣವಿಲ್ಲದ ಸಿಟ್ಟು. ಇವು ಕಂಡರೆ ಸೆಟಿಂಗ್ಸ್ ತೆರೆಯಲು ಹೋಗಬೇಡಿ. ಬೆರಳು ಚುಚ್ಚಿ ಗ್ಲುಕೋಮೀಟರ್‌ನಲ್ಲಿ ನೋಡಿ. ಮೀಟರ್ ಕೈಗೆ ಸಿಗದಿದ್ದರೆ ಶುಗರ್ ಇಳಿದಿದೆ ಎಂದೇ ತಿಳಿದು ಸಿಹಿ ಕೊಡಿ.

70ಕ್ಕಿಂತ ಕೆಳಗಿದ್ದರೆ ಸುಮಾರು 15 ಗ್ರಾಂ ಸಕ್ಕರೆ, ಅಂದರೆ ಮೂರು ಟೀ ಚಮಚ, ನೀರಿನಲ್ಲಿ ಕದಡಿ ಕುಡಿಸಿ. 15 ನಿಮಿಷ ಬಿಟ್ಟು ಮತ್ತೆ ಚುಚ್ಚಿ ನೋಡಿ. ಏರಿರದಿದ್ದರೆ ಇನ್ನೊಮ್ಮೆ ಅಷ್ಟೇ ಕೊಡಿ. 54ಕ್ಕಿಂತ ಕೆಳಗೆ ಹೋದರೆ ಅದು ಗಂಭೀರ, ಡಾಕ್ಟರಿಗೆ ತಿಳಿಸಲೇಬೇಕು.

ನಮ್ಮ ಕಡೆ ಶುಗರ್ ಇಳಿಯಿತು ಅಂದರೆ ಅಮೀನಗಡದ ಕರದಂಟು ಮುರಿದು ಬಾಯಿಗಿಡುವವರಿದ್ದಾರೆ. ಬೇಡ. ಅದರಲ್ಲಿರುವ ತುಪ್ಪ, ಗೋಡಂಬಿ, ಬದಾಮಿಯ ಕೊಬ್ಬು ಸಕ್ಕರೆ ರಕ್ತಕ್ಕೆ ಸೇರುವುದನ್ನೇ ನಿಧಾನ ಮಾಡುತ್ತದೆ. ಇನ್ನೊಂದು ಮಾತು, ಇದು ಬಹಳ ಜನಕ್ಕೆ ಗೊತ್ತಿಲ್ಲ: ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಮಾತ್ರೆ ನುಂಗುವವರಿಗೆ ಸಕ್ಕರೆ, ಬೆಲ್ಲ ಬೇಗ ಕೆಲಸ ಮಾಡುವುದಿಲ್ಲ. ಸಕ್ಕರೆ ಹೊಟ್ಟೆಯಲ್ಲಿ ಒಡೆಯುವುದನ್ನೇ ಆ ಮಾತ್ರೆ ತಡೆಯುತ್ತದೆ. ಅಂಥವರು ಗ್ಲೂಕೋಸ್ ಪುಡಿಯನ್ನೇ ಇಟ್ಟುಕೊಳ್ಳಬೇಕು.

ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬೇಡಿ, ಶ್ವಾಸನಾಳಕ್ಕೆ ಹೋಗುತ್ತದೆ. ಮಗ್ಗುಲಾಗಿ ಮಲಗಿಸಿ 108ಕ್ಕೆ ಫೋನ್ ಮಾಡಿ.

ಅಂಕಿ ಬರುವ ದಾರಿ

ವಾಚ್ ಏನನ್ನೂ ಅಳೆಯುವುದಿಲ್ಲ. ತೋಳಿನ ಚರ್ಮದ ಕೆಳಗೆ ಕೂದಲೆಳೆಯಂಥ ತಂತು ಇರುತ್ತದೆ. ಅದು ಜೀವಕೋಶಗಳ ನಡುವಿನ ದ್ರವದಲ್ಲಿರುವ ಗ್ಲೂಕೋಸ್ ಅಳೆಯುತ್ತದೆ. ಅಲ್ಲಿಂದ ಬ್ಲೂಟೂತ್ ಮೇಲೆ ಫೋನ್‌ಗೆ, ಫೋನ್‌ನ ಆ್ಯಪ್‌ನಿಂದ ವಾಚ್‌ಗೆ. ಡೆಕ್ಸ್‌ಕಾಮ್ ಜಿ7 ಥರದ ಸೆನ್ಸರ್ ಕೆಲವು ಆಪಲ್ ವಾಚ್‌ಗಳಿಗೆ ನೇರವಾಗಿ ಅಂಕಿ ಕಳಿಸಬಲ್ಲದು. ಉಳಿದಂತೆ ಹೆಚ್ಚಿನವಕ್ಕೆಲ್ಲ ನಡುವೆ ಫೋನ್ ಬೇಕೇ ಬೇಕು.

ಆಲಮಟ್ಟಿ ಕಾಲುವೆಯ ತುದಿಯಲ್ಲಿ ಹೊಲ ಇದ್ದವರಿಗೆ ಇದು ಬೇಗ ಅರ್ಥವಾಗುತ್ತದೆ. ನೀರು ಬರಲಿಲ್ಲ ಅಂದರೆ ಅವರು ಹೊಲ ಅಗೆಯುವುದಿಲ್ಲ, ಕಾಲುವೆಗುಂಟ ಮೇಲಕ್ಕೆ ನಡೆಯುತ್ತಾರೆ. ಇಲ್ಲೂ ಹಾಗೇ ನಡೆಯೋಣ.

ಅಂಕಿ ಇದೆ, ಬದಲಾಗುತ್ತಿಲ್ಲ. ಅಥವಾ ಬರೀ ಗೆರೆ ಕಾಣುತ್ತಿದೆ

ಅಂಗಡಿಗೆ ಬರುವ ದೂರುಗಳಲ್ಲಿ ಇದೇ ಜಾಸ್ತಿ. ಮೊದಲ ಪರೀಕ್ಷೆಗೆ ಒಂದು ಪೈಸೆ ಖರ್ಚಿಲ್ಲ. ಫೋನ್‌ನಲ್ಲಿ ಸೆನ್ಸರ್ ಆ್ಯಪ್ ತೆರೆಯಿರಿ. ಅಲ್ಲಿ ಐದು ನಿಮಿಷದೊಳಗಿನ ಅಂಕಿ ಇದೆಯಾ?

ಇದೆ ಅಂದರೆ ಸೆನ್ಸರ್ ಚೆನ್ನಾಗಿದೆ, ತೊಂದರೆ ಇರುವುದು ಫೋನ್ ಮತ್ತು ವಾಚ್ ನಡುವೆ. ವಾಚ್ ಮುಖದ ಮೇಲಿನ ಸಣ್ಣ ಅಂಕಿಯನ್ನು ಒತ್ತಿ ಆ್ಯಪ್ ತೆರೆಯಿರಿ. ಒಳಗೆ ಹೊಸ ಅಂಕಿ ಕಂಡರೆ ಅದು ಕೆಟ್ಟಿಲ್ಲ. ಬ್ಯಾಟರಿ ಉಳಿಸಲು ವಾಚ್ ತನ್ನ ಮುಖವನ್ನು ಆಗಾಗ ಮಾತ್ರ ಹೊಸದು ಮಾಡುತ್ತದೆ, ಪ್ರತಿ ನಿಮಿಷವೂ ಮಾಡಲ್ಲ. ಒಳಗೂ ಹಳೆಯದೇ ಇದ್ದರೆ ಪರದೆಯ ಮೇಲೆ ಅಡ್ಡಗೆರೆ ಎಳೆದ ಫೋನಿನ ಅಥವಾ ಮೋಡದ ಚಿಹ್ನೆ ಇದೆಯಾ ಹುಡುಕಿ. ಇದ್ದರೆ ವಾಚ್‌ಗೂ ಫೋನ್‌ಗೂ ಸಂಪರ್ಕ ತಪ್ಪಿದೆ. ವಾಚ್‌ನಲ್ಲಿ ಬ್ಯಾಟರಿ ಸೇವರ್ ಆನ್ ಆಗಿದೆಯಾ ನೋಡಿ, ಏರೋಪ್ಲೇನ್ ಮೋಡ್ ನೋಡಿ. ಆಮೇಲೆ ವಾಚ್ ಆಫ್ ಮಾಡಿ ಆನ್ ಮಾಡಿ. ಆಗಲಿಲ್ಲ ಅಂದರೆ ಫೋನ್ ಕೂಡ. ನನ್ನ ಅಂಗಡಿಯಲ್ಲಿ ಅರ್ಧ ಕೇಸು ಇಲ್ಲಿಗೇ ಮುಗಿಯುತ್ತವೆ. ಇದಕ್ಕೆ ದುಡ್ಡು ತೆಗೆದುಕೊಳ್ಳಲು ನನಗೇ ನಾಚಿಕೆ.

ಫೋನ್‌ನಲ್ಲೂ ಹಳೇ ಅಂಕಿ ಇದ್ದರೆ ವಾಚ್ ಬಿಟ್ಟುಬಿಡಿ. ತೊಂದರೆ ಸೆನ್ಸರ್ ಮತ್ತು ಫೋನ್ ನಡುವೆ. ಬ್ಲೂಟೂತ್ ಆಫ್ ಆಗಿದೆಯಾ ನೋಡಿ, ಮಕ್ಕಳು ಗೇಮ್ ಆಡುವಾಗ ಆಫ್ ಮಾಡಿರುತ್ತಾರೆ. ಆ್ಯಂಡ್ರಾಯ್ಡ್ 12 ಅಥವಾ ಅದಕ್ಕಿಂತ ಹೊಸದಾದರೆ ಆ್ಯಪ್‌ಗೆ 'ಹತ್ತಿರದ ಸಾಧನಗಳು' ಅನುಮತಿ ಬೇಕು. ಹಳೆಯದಾದರೆ ಲೊಕೇಶನ್ ಅನುಮತಿ ಬೇಕು. ಸುಮಾರು ಜನ ಲೊಕೇಶನ್ ಯಾಕಪ್ಪಾ ಅಂತ ಅನುಮಾನಪಟ್ಟು ಬೇಡ ಅಂತ ಒತ್ತಿರುತ್ತಾರೆ.

ಇನ್ನು ದೊಡ್ಡ ಕಳ್ಳ: ಫೋನ್ ತಾನೇ ಆ್ಯಪ್ ಕೊಲ್ಲುವುದು. ಇಲ್ಲಿ ಜನ ಬಳಸುವ ಹತ್ತು ಹದಿನೈದು ಸಾವಿರದ ಆ್ಯಂಡ್ರಾಯ್ಡ್ ಫೋನ್‌ಗಳಲ್ಲಿ ಬಹಳಷ್ಟು, ಬ್ಯಾಟರಿ ಉಳಿಸುವ ಹೆಸರಿನಲ್ಲಿ ಹಿಂದೆ ಓಡುತ್ತಿರುವ ಆ್ಯಪ್‌ಗಳನ್ನು ಮುಚ್ಚಿಬಿಡುತ್ತವೆ. ಪರದೆ ಆರಿ ಅರ್ಧ ಗಂಟೆ ಆಗುತ್ತಲೇ ಅಂಕಿ ನಿಲ್ಲುತ್ತದೆ, ಫೋನ್ ಕೈಗೆತ್ತಿಕೊಂಡ ಕೂಡಲೇ ಮತ್ತೆ ಬರುತ್ತದೆ. ಹೀಗಾದರೆ ಇದೇ ಕಾರಣ ಅಂತ ಖಾತ್ರಿ ಮಾಡಿಕೊಳ್ಳಿ. ಸೆಟಿಂಗ್ಸ್‌ನಲ್ಲಿ ಆ್ಯಪ್ಸ್, ಅದರಲ್ಲಿ ಸೆನ್ಸರ್ ಆ್ಯಪ್, ಅದರ ಬ್ಯಾಟರಿ ಭಾಗಕ್ಕೆ ಹೋಗಿ 'ನಿರ್ಬಂಧವಿಲ್ಲ' ಆರಿಸಿ. ಆಟೋಸ್ಟಾರ್ಟ್ ಎಂಬ ಆಯ್ಕೆ ಇದ್ದರೆ ಆನ್ ಮಾಡಿ. ವಾಚ್‌ನ ಆ್ಯಪ್‌ಗೂ ಇದನ್ನೇ ಮಾಡಬೇಕು, ಅದನ್ನು ಮರೆಯುವವರೇ ಜಾಸ್ತಿ.

ಫೋನ್ ಅಮಾಯಕ, ತಪ್ಪು ನಮ್ಮದೇ ಇರುವುದೂ ಉಂಟು. ಕಾಕಾಗೆ ಒಂದು ಚಟ. ಫೋನ್ ಕೈಗೆ ಬಂದರೆ ಸಾಕು, ತೆರೆದಿರುವ ಆ್ಯಪ್‌ಗಳನ್ನೆಲ್ಲ ಮೇಲಕ್ಕೆ ತಳ್ಳಿ 'ಸ್ವಚ್ಛ' ಮಾಡುತ್ತಾರೆ. ಸೆನ್ಸರ್ ಆ್ಯಪ್ ಕೂಡ ಅದರಲ್ಲೇ ಹೋಗುತ್ತದೆ. ಎಷ್ಟು ಹೇಳಿದರೂ ಬಿಡಲಿಲ್ಲ. ಕೊನೆಗೆ ಆ್ಯಪ್ ಮೇಲೆ ಬೀಗದ ಚಿಹ್ನೆ ಹಾಕಿಕೊಟ್ಟೆ. ಹಲವು ಫೋನ್‌ಗಳಲ್ಲಿ ಆ ಸೌಲಭ್ಯ ಇದೆ, ತಳ್ಳಿದರೂ ಹೋಗಲ್ಲ.

ಒಂದು ಎಚ್ಚರಿಕೆ. ಏನೇ ಆಗಲಿ ಸೆನ್ಸರ್ ಆ್ಯಪ್ ಅಳಿಸಿ ಮತ್ತೆ ಹಾಕಬೇಡಿ, ಬ್ಲೂಟೂತ್ ಪಟ್ಟಿಯಿಂದ ಸೆನ್ಸರ್ ಹೆಸರು ತೆಗೆಯಬೇಡಿ. ಉಳಿದ ಆ್ಯಪ್‌ಗಳಿಗೆ ನಡೆಯುವ ಈ ಮದ್ದು ಇಲ್ಲಿ ದುಬಾರಿ. ಕೆಲವು ಸೆನ್ಸರ್‌ಗಳು ಒಮ್ಮೆ ಹೀಗೆ ಕಡಿದರೆ ಮತ್ತೆ ಸೇರುವುದಿಲ್ಲ. ಸಾವಿರಾರು ರೂಪಾಯಿಯ ಸೆನ್ಸರ್ ಅವಧಿ ಮುಗಿಯುವ ಮುಂಚೆಯೇ ಕಸಕ್ಕೆ ಹೋಗುತ್ತದೆ.

ಮನೆಯಲ್ಲಿ ಸರಿ, ಹೊಲಕ್ಕೋ ಶೆಡ್‌ಗೋ ಹೋದರೆ ನಿಲ್ಲುತ್ತದೆ

ಸೆನ್ಸರ್‌ನ ಬ್ಲೂಟೂತ್ 20ರಿಂದ 33 ಅಡಿ ಮುಟ್ಟುತ್ತದೆ, ಅದೂ ನಡುವೆ ಏನೂ ಅಡ್ಡ ಇಲ್ಲದಿದ್ದರೆ. ಫೋನ್ ಬೈಕಿನ ಬ್ಯಾಗಿನಲ್ಲಿಟ್ಟು ಕಬ್ಬಿನ ಗದ್ದೆಯೊಳಗೆ ಹೋದರೆ, ಪಂಪ್‌ಸೆಟ್ ಕೋಣೆಯಲ್ಲಿಟ್ಟು ದ್ರಾಕ್ಷಿ ತೋಟದ ಆ ತುದಿಗೆ ನಡೆದರೆ ಅಂಕಿ ಬರುವುದಿಲ್ಲ. ಸ್ಟೀಲ್ ತಿಜೋರಿಯೊಳಗೆ ಇಟ್ಟರಂತೂ ಎರಡು ಹೆಜ್ಜೆ ಹತ್ತಿರವಿದ್ದರೂ ಅನುಮಾನ. ನೀರೂ ತಡೆಯುತ್ತದೆ, ನಮ್ಮ ಮೈಯೂ ತಡೆಯುತ್ತದೆ. ಎಡತೋಳಿನಲ್ಲಿ ಸೆನ್ಸರ್ ಇದ್ದು ಫೋನ್ ಬಲ ಹಿಂಜೇಬಿನಲ್ಲಿದ್ದರೆ ಆಗಾಗ ತಪ್ಪಬಹುದು. ಅದೇ ಬದಿಗೆ ಇಟ್ಟು ಒಂದು ದಿನ ನೋಡಿ.

ಫೋನ್ ಮತ್ತೆ ಹತ್ತಿರ ಬಂದಾಗ ತಪ್ಪಿದ ಅಂಕಿಗಳನ್ನು ಸೆನ್ಸರ್ ತುಂಬಿಕೊಡುತ್ತದೆ, ಗ್ರಾಫ್ ಪೂರ್ತಿಯಾಗುತ್ತದೆ. ಅದರಿಂದ ದಾಖಲೆಗೆ ನಷ್ಟವಿಲ್ಲ. ಆದರೆ ಆ ಹೊತ್ತಿನಲ್ಲಿ ಹೊಡೆಯಬೇಕಿದ್ದ ಅಲಾರಂ ಹೋಯಿತಲ್ಲ.

ಬೇಸಿಗೆಯ ಮಾತು ಬೇರೆ. ಏಪ್ರಿಲ್, ಮೇ ತಿಂಗಳಲ್ಲಿ ವಿಜಯಪುರ, ಬಾಗಲಕೋಟೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಫೋನ್‌ಗಳಿಗೆ ಅಷ್ಟು ತಾಳಿಕೆ ಇಲ್ಲ. ಐಫೋನ್‌ಗೆ ಕಂಪನಿ ಹೇಳುವ ಮಿತಿಯೇ 35 ಡಿಗ್ರಿ. ಬೈಕಿನ ಟ್ಯಾಂಕ್ ಮೇಲೆ ಸಿಕ್ಕಿಸಿದ ಫೋನ್ ಕಾದು ತಾನೇ ಮುಚ್ಚಿಕೊಂಡರೆ ವಾಚ್‌ಗೂ ಅಂಕಿ ನಿಲ್ಲುತ್ತದೆ. ಬೆವರಿಗೆ ಸೆನ್ಸರ್‌ನ ಅಂಟು ಬಿಡುವುದೂ ಇದೇ ದಿನಗಳಲ್ಲಿ. ಅಂಚು ಎದ್ದಿದ್ದರೆ ಮೇಲೆ ಟೇಪ್ ಹಾಕಬಹುದು. ನಡುವಿನ ತಂತುವೇ ಹೊರಬಂದಿದ್ದರೆ ಒಳಗೆ ಒತ್ತಬೇಡಿ, ಆ ಸೆನ್ಸರ್ ಮುಗಿಯಿತು.

ಅಲಾರಂ ಫೋನ್‌ನಲ್ಲಿ ಹೊಡೆಯಿತು, ವಾಚ್‌ಗೆ ಬರಲಿಲ್ಲ

ಐಫೋನ್ ಮತ್ತು ಆಪಲ್ ವಾಚ್ ಇದ್ದವರಿಗೆ ಇದು ದೋಷವೇ ಅಲ್ಲದಿರಬಹುದು. ಫೋನ್ ಲಾಕ್ ತೆಗೆದು ಬಳಸುತ್ತಿದ್ದರೆ ಸೂಚನೆ ಫೋನ್‌ಗೆ ಮಾತ್ರ ಬರುತ್ತದೆ. ಫೋನ್ ಲಾಕ್ ಆಗಿ, ವಾಚ್ ಕೈಯಲ್ಲಿದ್ದರೆ ವಾಚ್‌ಗೆ ಹೋಗುತ್ತದೆ. ಪರೀಕ್ಷೆ ಮಾಡುವಾಗ ಫೋನ್ ಕೈಯಲ್ಲಿ ಹಿಡಿದುಕೊಂಡೇ "ಬರ್ತಿಲ್ಲ, ಬರ್ತಿಲ್ಲ" ಎನ್ನುವವರನ್ನು ಬಹಳ ನೋಡಿದ್ದೇನೆ.

ಆಮೇಲೆ ವಾಚ್‌ನ ಡು ನಾಟ್ ಡಿಸ್ಟರ್ಬ್, ನಿದ್ದೆ ಮೋಡ್, ಥಿಯೇಟರ್ ಮೋಡ್ ನೋಡಿ. ಮದುವೆಗೆ ಹೋದಾಗ ಸೈಲೆಂಟ್ ಮಾಡಿದ್ದು ಮೂರು ದಿನ ಹಾಗೇ ಇರುತ್ತದೆ. ವಾಚ್‌ನ ಆ್ಯಪ್‌ನಲ್ಲಿ ಯಾವ ಯಾವ ಆ್ಯಪ್‌ನ ಸೂಚನೆ ಬರಬೇಕು ಎಂಬ ಪಟ್ಟಿ ಇರುತ್ತದೆ. ಅಲ್ಲಿ ಸೆನ್ಸರ್ ಆ್ಯಪ್ ಆನ್ ಇರಬೇಕು.

ಫೋನ್‌ನಲ್ಲೂ ಅಲಾರಂ ಕೇಳದಿದ್ದರೆ ಇತ್ತೀಚೆಗೆ ಏನು ಬದಲಾಯಿತು ಅಂತ ನೆನಪಿಸಿಕೊಳ್ಳಿ. ಫೋನ್ ಅಪ್‌ಡೇಟ್ ಆಯಿತಾ? ಹೊಸ ಇಯರ್‌ಬಡ್ ಜೋಡಿಸಿದಿರಾ? ಕಾರಿನ ಆಡಿಯೊಗೆ ಸೇರಿಸಿದಿರಾ? ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2025ರ ಫೆಬ್ರವರಿಯಲ್ಲಿ ಎಚ್ಚರಿಸಿದ್ದು ಇದರ ಬಗ್ಗೆಯೇ: ಫೋನ್‌ನ ಸೆಟಿಂಗ್ಸ್ ಬದಲಾಗಿ ಡಯಾಬಿಟಿಸ್ ಉಪಕರಣಗಳ ಅಲಾರಂ ಜನರಿಗೆ ತಲುಪದೇ ಹೋಗುತ್ತಿದೆ ಎಂದು. ನಾನು ಕಾಕಾನ ಫೋನ್‌ನಲ್ಲಿ ತಾನೇ ಅಪ್‌ಡೇಟ್ ಆಗುವುದನ್ನು ಆಫ್ ಮಾಡಿದ್ದೇನೆ. ಸೆನ್ಸರ್ ಕಂಪನಿಯ ಹೊಂದಾಣಿಕೆ ಪಟ್ಟಿಯಲ್ಲಿ ಹೊಸ ಆವೃತ್ತಿಯ ಹೆಸರು ಬಂದ ಮೇಲೆಯೇ ಅಪ್‌ಡೇಟ್. ಅದಾದ ಕೂಡಲೇ ಕೆಳಮಿತಿಯನ್ನು ಸ್ವಲ್ಪ ಹೊತ್ತು ಮೇಲಕ್ಕೇರಿಸಿ, ಅಲಾರಂ ನಿಜವಾಗಿ ಹೊಡೆಯುತ್ತದಾ ನೋಡಿ ಮತ್ತೆ ಇಳಿಸುತ್ತೇನೆ.

'ಲೋ' ಅಂತ ಬಂತು, ಇಲ್ಲವೇ 5.6 ಅಂತ ಬಂತು

ಒಬ್ಬರು ವಾಚ್‌ನಲ್ಲಿ 'ಲೋ' ಕಂಡು ಚಾರ್ಜಿಗೆ ಹಾಕಿ ಊಟಕ್ಕೆ ಕೂತಿದ್ದರು. ಅದು ಬ್ಯಾಟರಿಯದಲ್ಲ. ಶುಗರ್ 40ಕ್ಕಿಂತ ಕೆಳಗೆ, ಸೆನ್ಸರ್ ಅಂಕಿ ಹೇಳುವ ಮಿತಿಯನ್ನೇ ದಾಟಿದೆ ಅಂತ. ತಕ್ಷಣ ಚುಚ್ಚಿ ನೋಡಬೇಕು. 'ಹೈ' ಎಂದರೆ ಮೇಲಿನ ಮಿತಿ ದಾಟಿದೆ, ಕೆಲವು ಸೆನ್ಸರ್‌ಗಳಲ್ಲಿ ಅದು 400, ಕೆಲವದರಲ್ಲಿ 500.

5.6, 8.2 ಹೀಗೆ ಚುಕ್ಕಿ ಇರುವ ಅಂಕಿ ಬಂದರೆ ಗಾಬರಿ ಬೇಡ. ಅಳತೆಯ ಮಾನ ಬದಲಾಗಿದೆ, ಅದು ಮಿಲಿಮೋಲ್ ಲೆಕ್ಕ. 18ರಿಂದ ಗುಣಿಸಿದರೆ ನಮ್ಮ ಮಿಲಿಗ್ರಾಂ ಲೆಕ್ಕ ಸಿಗುತ್ತದೆ. 5.6 ಅಂದರೆ ಸುಮಾರು 101. ಸೆಟಿಂಗ್ಸ್‌ನಲ್ಲಿ ಮಿಲಿಗ್ರಾಂಗೆ ಬದಲಿಸಿ.

ಮೀಟರ್ ಒಂದು ಹೇಳುತ್ತದೆ, ವಾಚ್ ಇನ್ನೊಂದು

ಸ್ವಲ್ಪ ವ್ಯತ್ಯಾಸ ಇದ್ದೇ ಇರುತ್ತದೆ. ಮೀಟರ್ ರಕ್ತ ನೋಡುತ್ತದೆ, ಸೆನ್ಸರ್ ದ್ರವ ನೋಡುತ್ತದೆ, ದ್ರವ 5ರಿಂದ 15 ನಿಮಿಷ ಹಿಂದೆ ಇರುತ್ತದೆ. ಊಟ ಆದ ಮೇಲೆ, ಓಡಾಡಿದ ಮೇಲೆ ಅಂತರ ಜಾಸ್ತಿ. ಸಕ್ಕರೆ ನೀರು ಕುಡಿದು ಹತ್ತು ನಿಮಿಷವಾದರೂ ವಾಚ್‌ನ ಅಂಕಿ ಇಳಿಯುತ್ತಲೇ ಇರಬಹುದು. ಅದನ್ನು ನೋಡಿ ಮತ್ತೆ ಮತ್ತೆ ಕುಡಿದರೆ ಸಂಜೆಗೆ 300 ಆಗುತ್ತದೆ. ಆ ಹೊತ್ತಿನಲ್ಲಿ ಮೀಟರನ್ನೇ ನಂಬಿ.

ಮೀಟರ್ ಕೂಡ ದೇವರಲ್ಲ. ಅಂತರರಾಷ್ಟ್ರೀಯ ಮಾನದಂಡವೇ ಅದಕ್ಕೆ 100ಕ್ಕಿಂತ ಮೇಲೆ ಶೇ 15ರಷ್ಟು ಹೆಚ್ಚು ಕಡಿಮೆಗೆ ಅವಕಾಶ ಕೊಟ್ಟಿದೆ. ಕೈ ತೊಳೆಯದೆ ಚುಚ್ಚಿದರೆ ಇನ್ನೂ ಕೆಟ್ಟದು. ಮಹಾಲಿಂಗಪುರದ ಬೆಲ್ಲ ಮುರಿದ ಬೆರಳನ್ನೇ ಚುಚ್ಚಿಕೊಂಡು 280 ಬಂತು ಅಂತ ಹೆದರಿದವರಿದ್ದಾರೆ. ಸೋಪಿನಿಂದ ತೊಳೆದು, ಒರೆಸಿ, ಚುಚ್ಚಿದರೆ 150.

ದಿನಾ ನಡುರಾತ್ರಿ ಮಾತ್ರ ಇಳಿದಂತೆ ತೋರಿಸಿ, ಮಗ್ಗುಲು ಬದಲಿಸಿದ ಸ್ವಲ್ಪ ಹೊತ್ತಿಗೆ ಸರಿಯಾದರೆ ಸೆನ್ಸರ್ ಇರುವ ತೋಳಿನ ಮೇಲೆಯೇ ಮಲಗುತ್ತಿದ್ದೀರಿ. ಒತ್ತಡಕ್ಕೆ ಅಲ್ಲಿ ದ್ರವ ಸರಿದಾಡುವುದಿಲ್ಲ, ಅಂಕಿ ಸುಳ್ಳಾಗಿ ಬೀಳುತ್ತದೆ. ಹಾಗಂತ ರಾತ್ರಿಯ ಅಲಾರಂಗಳನ್ನೆಲ್ಲ ಸುಳ್ಳು ಎನ್ನಬೇಡಿ, ಚುಚ್ಚಿ ನೋಡಿಯೇ ತೀರ್ಮಾನಿಸಿ. ಹೊಸ ಸೆನ್ಸರ್‌ನ ಮೊದಲ ದಿನವೂ ಅಂಕಿ ಅತ್ತಿತ್ತ ಆಡುತ್ತದೆ. ಹೆಚ್ಚು ಪ್ರಮಾಣದ ವಿಟಮಿನ್ ಸಿ ಮಾತ್ರೆ ಕೆಲವು ಸೆನ್ಸರ್‌ಗಳ ಅಂಕಿಯನ್ನು ಏರಿಸುತ್ತದೆ, ಪೆಟ್ಟಿಗೆಯೊಳಗಿನ ಚೀಟಿಯಲ್ಲಿ ಬರೆದಿರುತ್ತದೆ.

ವಾಚ್‌ನಲ್ಲಿ ಆ್ಯಪ್ಪೇ ಸಿಗುತ್ತಿಲ್ಲ

ಇಲ್ಲಿ ರಿಪೇರಿ ಮಾಡುವಂಥದ್ದು ಏನಿಲ್ಲ, ಖರೀದಿಯಲ್ಲೇ ತಪ್ಪಿದೆ. ಎರಡು ಮೂರು ಸಾವಿರದ ವಾಚ್‌ಗಳಿಗೆ ಹೊರಗಿನ ಆ್ಯಪ್ ಹಾಕಲು ಬರುವುದಿಲ್ಲ. ಫೋನ್‌ಗೆ ಬಂದ ಸೂಚನೆಯನ್ನು ತೋರಿಸಬಲ್ಲವು, ಅಷ್ಟೇ. ಅಲಾರಂ ನಡುಗಿದರೆ ಸಾಕು ಎನ್ನುವವರಿಗೆ ಅದೂ ಪರವಾಗಿಲ್ಲ.

ಸೆನ್ಸರ್ ಕೂಡ ಯಾವುದು ಅಂತ ನೋಡಿ. ಮೊದಲ ತಲೆಮಾರಿನ ಫ್ರೀಸ್ಟೈಲ್ ಲಿಬ್ರೆಗೆ ಬ್ಲೂಟೂತ್ ಇಲ್ಲ. 14 ದಿನ ನಡೆಯುತ್ತದೆ, 8 ಗಂಟೆಯ ಅಂಕಿ ನೆನಪಿಟ್ಟುಕೊಳ್ಳುತ್ತದೆ, ಆದರೆ ಫೋನ್ ಹತ್ತಿರ ಹಿಡಿದಾಗ ಮಾತ್ರ ಕೊಡುತ್ತದೆ. ಎಷ್ಟು ದುಬಾರಿ ವಾಚ್ ಕಟ್ಟಿದರೂ ಅಂಕಿ ತಾನಾಗಿ ಬರದು.

ಸೆನ್ಸರ್ ಅಂಕಿಯನ್ನು ಫೋನ್, ವಾಚ್‌ಗೆ ತರಲು ಬಳಕೆದಾರರೇ ಕಟ್ಟಿದ, ಎಕ್ಸ್‌ಡ್ರಿಪ್ ಪ್ಲಸ್, ನೈಟ್‌ಸ್ಕೌಟ್ ಥರದ ಸಾಫ್ಟ್‌ವೇರ್‌ಗಳೂ ಇವೆ. ಇವುಗಳ ಕಥೆ ನನಗಿಷ್ಟ. 2013ರಲ್ಲಿ ಅಮೆರಿಕದ ಜಾನ್ ಕಾಸ್ಟಿಕ್ ಎಂಬ ಸಾಫ್ಟ್‌ವೇರ್ ಎಂಜಿನಿಯರ್, ತನ್ನ ಚಿಕ್ಕ ಮಗನ ಸೆನ್ಸರ್ ಅಂಕಿಯನ್ನು ಆಫೀಸಿನಲ್ಲಿ ಕೂತು ನೋಡಲು ತಾನೇ ಪ್ರೋಗ್ರಾಮ್ ಬರೆದ. ಮುಂದೆ ಅದನ್ನು ಪೆಬಲ್ ವಾಚ್‌ಗೂ ತಂದ. ಆದರೆ ಇವಕ್ಕೆ ವೈದ್ಯಕೀಯ ಮಂಜೂರಾತಿ ಇಲ್ಲ, ಕೆಟ್ಟರೆ ಕೇಳಲು ಹೆಲ್ಪ್‌ಲೈನ್ ಇಲ್ಲ. ನೀವೇ ಕೂತು ಸರಿಮಾಡಿಕೊಳ್ಳುವಷ್ಟು ಗೊತ್ತಿದ್ದರೆ ಮಾತ್ರ ಕೈಹಾಕಿ.

ಚುಚ್ಚದೆ, ಸೆನ್ಸರ್ ಇಲ್ಲದೆ, ವಾಚ್ ತಾನೇ ಶುಗರ್ ಹೇಳುತ್ತದೆ ಎಂದು ಮಾರುತ್ತಾರಲ್ಲ, ಅದಕ್ಕೆ ಮಾತ್ರ ಬೀಳಬೇಡಿ. ಅಂಥ ಯಾವ ವಾಚಿಗೂ, ಉಂಗುರಕ್ಕೂ ತಾನು ಒಪ್ಪಿಗೆ ಕೊಟ್ಟಿಲ್ಲ ಎಂದು ಎಫ್‌ಡಿಎ 2024ರ ಫೆಬ್ರವರಿಯಲ್ಲೇ ಹೇಳಿದೆ. ಅದು ತೋರಿಸುವ ಅಂಕಿ ನೋಡಿ ಇನ್ಸುಲಿನ್ ತೆಗೆದುಕೊಂಡರೆ ಜೀವಕ್ಕೇ ಕುತ್ತು.

ಎಲ್ಲಿಗೆ ಬಿಟ್ಟು ಸಹಾಯ ಕೇಳಬೇಕು

ಫೋನ್ ಆ್ಯಪ್ ಸೆನ್ಸರ್ ದೋಷ ಅಂತಲೇ ತೋರಿಸಿದರೆ, ಅಥವಾ ಶುಗರ್ ಏರಿಳಿತವಿಲ್ಲದ ಹೊತ್ತಿನಲ್ಲಿ ಎರಡು ಮೂರು ಸಲ ಚುಚ್ಚಿ ನೋಡಿದರೂ ಅಂತರ ದೊಡ್ಡದೇ ಇದ್ದರೆ, ಪೆಟ್ಟಿಗೆಯ ಮೇಲಿನ ಹೆಲ್ಪ್‌ಲೈನ್‌ಗೆ ಫೋನ್ ಮಾಡಿ. ಸೀರಿಯಲ್ ನಂಬರ್ ಕೇಳುತ್ತಾರೆ, ಹಳೇ ಸೆನ್ಸರ್ ವಾಪಸ್ ಕೇಳಬಹುದು. ಪೆಟ್ಟಿಗೆ, ಸೆನ್ಸರ್ ಎರಡನ್ನೂ ಎಸೆಯಬೇಡಿ. ಅಂಟಿಸಿದ ಜಾಗ ಕೆಂಪಾಗಿ ಊದಿದರೆ, ಕೀವು ಬಂದರೆ ಡಾಕ್ಟರಿಗೆ ತೋರಿಸಿ. ಶುಗರ್ 250ರ ಮೇಲೆ ನಿಂತು ಇಳಿಯದೆ, ವಾಂತಿ, ಹೊಟ್ಟೆನೋವು, ಏದುಸಿರು ಬಂದರೆ ನೇರ ಆಸ್ಪತ್ರೆ. ಇನ್ಸುಲಿನ್ ಪ್ರಮಾಣ ಬದಲಿಸುವುದು ಡಾಕ್ಟರ ಕೆಲಸ, ವಾಚಿನದೂ ಅಲ್ಲ, ನನ್ನದೂ ಅಲ್ಲ.

ಮೊಬೈಲ್ ಅಂಗಡಿಗೆ ಹೋಗುವುದಾದರೆ ಫೋನ್, ವಾಚ್, ಸೆನ್ಸರ್ ಪೆಟ್ಟಿಗೆ ಮೂರನ್ನೂ ಒಯ್ಯಿರಿ, ಸೆನ್ಸರ್ ಹಾಕಿಕೊಂಡವರೂ ಜೊತೆಗೆ ಬರಲಿ. ಬರೀ ವಾಚ್ ಕೊಟ್ಟು ಕಳಿಸಿದರೆ ಅದರಲ್ಲಿ ನೋಡಲು ಏನೂ ಇರುವುದಿಲ್ಲ.